ಕರುವಿನ ಭೇದಿ, ಕಂದನ ಭೇದಿ

(ಗ್ರಾಮ ಆರೋಗ್ಯ ಸಭೆಯೊಂದರಲ್ಲಿ ಸರ್ಕಾರಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳಿಗೆ ನೀರಿನ ಕೃಪೆ ಉಂಟು. ಘಟಪ್ರಭೆ, ಅದನ್ನು ಬಂದು ಕೂಡುವ ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳು, ಹಿಡಕಲ್ ಜಲಾಶಯ ಹಾಗೂ ಅದರ ಕಾಲುವೆಗಳು ಈ ನೆಲಕ್ಕೆ ಕಬ್ಬನ್ನೂ ಗೋವಿನಜೋಳವನ್ನೂ ತಂದುಕೊಟ್ಟಿವೆ. ಮೇವು ಇದ್ದಲ್ಲಿ ದನಕರುಗಳಿರುವುದು ಸಹಜ. ಎರಡು ಎಮ್ಮೆ, ಒಂದು ಆಕಳು, ನಾಲ್ಕು ಆಡುಗಳಿಲ್ಲದ ರೈತನ ಮನೆ ಇಲ್ಲಿ ವಿರಳ. ಹಾಲು ಮಾರಿದ ಹಣದಿಂದ ಮಕ್ಕಳ ಶಾಲೆಯ ಖರ್ಚು ನಡೆಯುತ್ತದೆ. ಸಂತೆಯ ದಿನ ಮನೆಯ ಚೀಲ ತುಂಬುತ್ತದೆ. ಆದುದರಿಂದ ದನವನ್ನು ದೂರವಿಡಿರೆಂದು ಹೇಳಲು ನಾನು ಇಲ್ಲಿಗೆ ಬಂದಿಲ್ಲ. ದನವನ್ನೂ ಕೂಸನ್ನೂ ಒಂದೇ ಮನೆಯಲ್ಲಿ ಆರೋಗ್ಯದಿಂದ ಬೆಳೆಸುವುದು ಹೇಗೆಂಬುದನ್ನು ವಿಚಾರಮಾಡಲು ಬಂದಿದ್ದೇನೆ.

ನಾನು ಇಂದು ಹೇಳಬೇಕೆಂದಿರುವುದು ಒಂದು ರೋಗದ ವಿಷಯ. ಅದರ ಹೆಸರು ಕ್ರಿಪ್ಟೋಸ್ಪೊರಿಡಿಯೋಸಿಸ್. ಹೆಸರು ನಾಲಿಗೆಗೆ ಕಷ್ಟ, ಆದರೆ ರೋಗವು ನಮಗೆ ಅಪರಿಚಿತವಲ್ಲ. ಅದು ನೀರು ನೀರಾದ ಭೇದಿ. ಎಳೆಗರುವಿಗೂ ಬರುತ್ತದೆ, ಎಳೆಗೂಸಿಗೂ ಬರುತ್ತದೆ.

ನಾನು ಕೇಳದೆ ಬಿಟ್ಟ ಪ್ರಶ್ನೆ

ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಒಬ್ಬ ತಾಯಿ ಹತ್ತು ತಿಂಗಳ ಗಂಡು ಕೂಸನ್ನು ನಾನು ಕೆಲಸ ಮಾಡುತ್ತಿದ್ದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎತ್ತಿಕೊಂಡು ಬಂದಳು. ಭೇದಿ ಆರಂಭವಾಗಿ ಆರನೆಯ ದಿನ. ಕಣ್ಣು ಗುಳಿ ಬಿದ್ದಿದ್ದವು, ನೆತ್ತಿ ತಗ್ಗಿತ್ತು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಅದು ನಿಧಾನವಾಗಿ ಹಿಂದಕ್ಕೆ ಹೋಗುತ್ತಿತ್ತು. ಜೊತೆಗೆ ಬಂದಿದ್ದ ಅಜ್ಜಿ, “ಹಲ್ಲ ಬರಾಕತ್ತಾವ್ರೀ ಸಾಹೇಬ್ರ, ಅದಕ್ಕ ಹೊಟ್ಟಿ ಕೆಟ್ಟೈತಿ” ಎಂದಳು. ಹಲ್ಲು ಹುಟ್ಟುವುದರಿಂದ ಇಂತಹ ಭೇದಿ ಬರುವುದಿಲ್ಲವೆಂದು ತಿಳಿಸಿ, ಜೀವಜಲವನ್ನು ಕುಡಿಸಲು ಆರಂಭಿಸಿದೆವು. ಸಂಜೆಯ ಹೊತ್ತಿಗೆ ಕೂಸು ಮೂತ್ರ ಮಾಡಿತು, ತಾಯಿಯ ಮೊಲೆಗೆ ಬಾಯಿ ಹಾಕಿತು.

ನಾನು ಆ ತಾಯಿಯನ್ನು ಕುಡಿಯುವ ನೀರಿನ ಬಗ್ಗೆ ವಿಚಾರಿಸಿದೆ. ಊರ ಟಾಕಿಯ ನೀರೆಂದೂ, ಅದಕ್ಕೆ ಕ್ರಮವಾಗಿ ಬ್ಲೀಚಿಂಗ್ ಪುಡಿ ಹಾಕಲಾಗುತ್ತಿದೆಯೆಂದೂ ತಿಳಿಯಿತು. “ಹಾಗಾದರೆ ನೀರಿನ ಭಯ ಬೇಡ” ಎಂದು ಹೇಳಿ ಕಳುಹಿಸಿದೆ. ಎರಡು ವಾರಗಳಲ್ಲಿ ಅದೇ ಕೂಸು ಮತ್ತೆ ಬಂದಿತು. ಭೇದಿ ಒಂದೆರಡು ದಿನ ತಗ್ಗಿ ಪುನಃ ಮರುಕಳಿಸಿತ್ತು. ತೂಕವು 7 ಕಿಲೋ 200 ಗ್ರಾಂನಿಂದ 6 ಕಿಲೋ 400 ಗ್ರಾಂಗೆ ಇಳಿದಿತ್ತು. ಈ ಬಾರಿ ಮಲವನ್ನು ದೊಡ್ಡ ಆಸ್ಪತ್ರೆಯ ಪ್ರಯೋಗಶಾಲೆಗೆ ಕಳುಹಿಸಿ, ವಿಶೇಷ ಬಣ್ಣ ಹಾಕಿ ಪರೀಕ್ಷಿಸಬೇಕೆಂದು ಬರೆದೆ. ಉತ್ತರ ಬಂದಿತು: ಕ್ರಿಪ್ಟೋಸ್ಪೊರಿಡಿಯಂ.

ಮರುದಿನ ಆಶಾ ಕಾರ್ಯಕರ್ತೆಯೊಡನೆ ಆ ಮನೆಗೆ ಹೋದೆ. ಪಡಸಾಲೆಯ ಒಂದು ಮೂಲೆಯಲ್ಲಿ ತೊಟ್ಟಿಲು, ಇನ್ನೊಂದು ಮೂಲೆಯಲ್ಲಿ ಗೂಟ ಮತ್ತು ತುಂಡಾದ ಹಗ್ಗ. ಅಜ್ಜಿ ಹೇಳಿದಳು: “ಮಳಿ ಭಾಳ ಇತ್ರೀ, ಕರಾನ ಒಳಗ ಕಟ್ಟಿದ್ವಿ. ಕೂಸಿನಕಿಂತ ಮೊದಲ ಅದಕ್ಕ ಭೇದಿ ಹತ್ತಿತ್ತು, ಸತ್ತ ಹೋತು. ನೀವು ಕೇಳಲಿಲ್ಲ, ನಾವು ಹೇಳಲಿಲ್ಲ.”

ಬಂಧುಗಳೇ, ಕರುವಿನಿಂದಲೇ ಕೂಸಿಗೆ ರೋಗ ಬಂದಿತೆಂದು ನಾನು ಆಣೆಯಿಟ್ಟು ಹೇಳಲಾರೆ. ಕರುವನ್ನು ಆಗಲೇ ಹೂಳಿದ್ದರು. ಅದರ ಸಗಣಿಯನ್ನು ಪರೀಕ್ಷಿಸುವ ಅವಕಾಶವಿರಲಿಲ್ಲ. ಆದರೆ ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿರಲಿಲ್ಲ ಎಂಬುದು ನಿಜ. ಬ್ಲೀಚಿಂಗ್ ಪುಡಿಯ ಮೇಲೆ ಭಾರ ಹಾಕಿ ಆ ತಾಯಿಗೆ ನಾನು ನೀಡಿದ ಭರವಸೆ ಪೂರ್ತಿ ಸರಿಯಾದುದಾಗಿರಲಿಲ್ಲ ಎಂಬುದೂ ನಿಜ. ಆ ಕೂಸು ಈಗ ಶಾಲೆಗೆ ಹೋಗುತ್ತಿದೆ. ಆದರೆ ಹೋದ ತೂಕವನ್ನು ಮರಳಿ ಪಡೆಯಲು ಅದಕ್ಕೆ ತಿಂಗಳುಗಳೇ ಹಿಡಿದವು.

ಈ ರೋಗಾಣುವಿನ ಸ್ವರೂಪ

ಕ್ರಿಪ್ಟೋಸ್ಪೊರಿಡಿಯಂ ಎಂಬುದು ಒಂದೇ ಜೀವಕೋಶವುಳ್ಳ ಪರೋಪಜೀವಿ. “ಅಡಗಿರುವ ಬೀಜ” ಎಂಬುದು ಈ ಹೆಸರಿನ ಅರ್ಥ. ಇದು ಕರುಳಿನ ಒಳಪದರಕ್ಕೆ ಅಂಟಿಕೊಂಡು ವೃದ್ಧಿಯಾಗುತ್ತದೆ. ಅನಂತರ ಗಟ್ಟಿ ಕವಚವುಳ್ಳ ಸೂಕ್ಷ್ಮ ಬೀಜಕೋಶಗಳ ರೂಪದಲ್ಲಿ ಮಲದೊಡನೆ ಹೊರಬೀಳುತ್ತದೆ. ಒಂದು ಬೀಜಕೋಶದ ಅಗಲ 4 ರಿಂದ 6 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಉದ್ದದಲ್ಲಿ ಸುಮಾರು 200 ಬೀಜಕೋಶಗಳನ್ನು ಸಾಲಾಗಿ ನಿಲ್ಲಿಸಬಹುದು. ಕೊಡದ ಬಾಯಿಗೆ ಕಟ್ಟಿದ ಬಟ್ಟೆಯು ಇದನ್ನು ತಡೆಯಲಾರದು.

ಕೆಲವು ಹೊಟ್ಟೆಯ ಹುಳುಗಳ ಮೊಟ್ಟೆಗಳು ಮಣ್ಣಿನಲ್ಲಿ ಕೆಲವು ದಿನ ಬಲಿತ ನಂತರವೇ ರೋಗ ತರಬಲ್ಲವು. ಈ ಬೀಜಕೋಶವಾದರೋ ಹೊರಬಿದ್ದ ಗಳಿಗೆಯಿಂದಲೇ ರೋಗ ತರಲು ಸಿದ್ಧವಾಗಿರುತ್ತದೆ. ತಂಪು ಮತ್ತು ತೇವವಿದ್ದರೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಆದರೆ ಇದಕ್ಕೆ ಇಬ್ಬರು ಶತ್ರುಗಳಿದ್ದಾರೆ: ಒಂದು ಬೆಂಕಿಯ ಕಾವು, ಇನ್ನೊಂದು ಒಣ ಬಿಸಿಲು. ಈ ಎರಡನ್ನು ನೆನಪಿಡಿರಿ. ಮುಂದೆ ನಮ್ಮ ಉಪಾಯಗಳೆಲ್ಲ ಇವುಗಳಿಂದಲೇ ಹೊರಡುತ್ತವೆ.

ಭೇದಿ ಹತ್ತಿದ ಒಂದು ಎಳೆಗರು ತನ್ನ ಕಾಯಿಲೆಯ ಅವಧಿಯಲ್ಲಿ ನೂರಾರು ಕೋಟಿ ಬೀಜಕೋಶಗಳನ್ನು ಹೊರಹಾಕಬಲ್ಲದು. ಇನ್ನು ರೋಗ ಅಂಟಲು ಎಷ್ಟು ಬೇಕು? ಅಮೆರಿಕದಲ್ಲಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸುಮಾರು 132 ಬೀಜಕೋಶಗಳು ಅರ್ಧದಷ್ಟು ಜನರಿಗೆ ಸೋಂಕು ತಗುಲಿಸಲು ಸಾಕು. ಉಗುರಿನ ಸಂದಿಯಲ್ಲಿ ಉಳಿದ ಸಗಣಿಯ ಕಣವೊಂದರಲ್ಲಿ ಇದಕ್ಕಿಂತ ಹೆಚ್ಚು ಇರಬಹುದು.

ರೋಗವು ಬೆಳಕಿಗೆ ಬಂದ ಬಗೆ

ಈ ಜೀವಿಯನ್ನು ಮೊದಲು ವರ್ಣಿಸಿದವರು ಅಮೆರಿಕದ ವಿಜ್ಞಾನಿ ಅರ್ನೆಸ್ಟ್ ಟೈಜರ್, 1907ರಲ್ಲಿ, ಇಲಿಯ ಜಠರದಲ್ಲಿ. ಬಹುಕಾಲ ಇದೊಂದು ನಿರುಪದ್ರವಿ ಜೀವಿಯೆಂದೇ ಭಾವಿಸಲಾಗಿತ್ತು. 1971ರಲ್ಲಿ ಭೇದಿಯಾದ ಕರುವಿನಲ್ಲಿ ಇದು ಕಂಡುಬಂದಿತು. 1976ರಲ್ಲಿ ಮೊದಲ ಬಾರಿಗೆ ಮನುಷ್ಯರಲ್ಲಿ ಗುರುತಿಸಲಾಯಿತು. ಆ ಮೊದಲ ರೋಗಿಗಳಲ್ಲಿ ಒಬ್ಬಳು ದನಗಳಿದ್ದ ಹೊಲಮನೆಯ ಮೂರು ವರ್ಷದ ಹೆಣ್ಣು ಮಗು. ಅಂದರೆ ಈ ರೋಗದ ಚರಿತ್ರೆಯ ಮೊದಲ ಪುಟದಲ್ಲಿಯೇ ಕರುವೂ ಇದೆ, ಕೂಸೂ ಇದೆ.

ನಮ್ಮ ಸಮೀಪದಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರು ದಕ್ಷಿಣ ಭಾರತದ ಮಕ್ಕಳಲ್ಲಿ ಇದು ಇರುವುದನ್ನು 1985ರಲ್ಲಿಯೇ ವರದಿ ಮಾಡಿದರು. ಆಫ್ರಿಕ ಮತ್ತು ಏಷ್ಯಾದ ಏಳು ದೇಶಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ತೀವ್ರ ಭೇದಿಯನ್ನು ಕುರಿತು ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ನಮ್ಮ ಕೋಲ್ಕತ್ತವೂ ಅದರಲ್ಲಿ ಒಂದು ಕೇಂದ್ರವಾಗಿತ್ತು. ಭೇದಿಗೆ ಕಾರಣವಾಗುವ ನಾಲ್ಕು ಪ್ರಮುಖ ರೋಗಾಣುಗಳಲ್ಲಿ ಇದೂ ಒಂದೆಂದೂ, ವರ್ಷ ತುಂಬದ ಕೂಸುಗಳಲ್ಲಿ ರೋಟಾ ವೈರಸ್ಸಿನ ನಂತರದ ಸ್ಥಾನ ಇದರದ್ದೆಂದೂ ಅದರಿಂದ ತಿಳಿದುಬಂದಿತು. ರೋಟಾ ವೈರಸ್ಸಿಗೆ ಈಗ ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಲಸಿಕೆಯ ಹನಿಗಳಿವೆ. ಕ್ರಿಪ್ಟೋಸ್ಪೊರಿಡಿಯೋಸಿಸ್‌ಗೆ ಲಸಿಕೆ ಇಲ್ಲ. ನಮ್ಮ ಎಚ್ಚರಿಕೆಯೇ ಇದಕ್ಕೆ ಲಸಿಕೆ.

ತಪ್ಪೆಲ್ಲ ದನದ್ದಲ್ಲ

ಇಷ್ಟು ಕೇಳಿದ ಮೇಲೆ ಮನೆಗೆ ಹೋಗಿ ಕರುವನ್ನು ಶಪಿಸಬೇಡಿರಿ. ಈ ಜೀವಿಯಲ್ಲಿ ಹಲವು ಜಾತಿಗಳಿವೆ. ಮನುಷ್ಯರನ್ನು ಕಾಡುವವು ಮುಖ್ಯವಾಗಿ ಎರಡು. ಒಂದು ಜಾತಿಯು ಕರು, ಕುರಿಮರಿ, ಆಡಿನಮರಿ ಮತ್ತು ಮನುಷ್ಯ ಎಲ್ಲರಲ್ಲಿಯೂ ಬೆಳೆಯುತ್ತದೆ. ಇನ್ನೊಂದು ಬಹುಮಟ್ಟಿಗೆ ಮನುಷ್ಯರಿಂದ ಮನುಷ್ಯರಿಗೇ ಹರಡುತ್ತದೆ. ಇದನ್ನು ಬೇರೆ ಜಾತಿಯೆಂದು ಗುರುತಿಸಿ 2002ರಲ್ಲಿ ಪ್ರತ್ಯೇಕ ಹೆಸರಿಟ್ಟರು. ವೆಲ್ಲೂರಿನ ಬಡಾವಣೆಗಳ ಮಕ್ಕಳಲ್ಲಿ ಹೆಚ್ಚಾಗಿ ಕಂಡುಬಂದುದು ಈ ಎರಡನೆಯದೇ.

ಅಮೆರಿಕದ ಮಿಲ್ವಾಕಿ ನಗರದಲ್ಲಿ 1993ರಲ್ಲಿ ನಡೆದ ಘಟನೆಯೊಂದು ಇಲ್ಲಿ ನೆನಪಿಡತಕ್ಕದ್ದು. ನಗರಸಭೆ ಶೋಧಿಸಿ ಕ್ಲೋರಿನ್ ಬೆರೆಸಿ ಒದಗಿಸಿದ ನಲ್ಲಿಯ ನೀರಿನಿಂದಲೇ ಅಂದಾಜು 4,03,000 ಜನರು ಈ ಭೇದಿಗೆ ತುತ್ತಾದರು. ಮೊದಲು ಸಂಶಯ ಹೋದುದು ಸುತ್ತಲಿನ ದನದ ಕೊಟ್ಟಿಗೆಗಳ ಮೇಲೆ. ಕೆಲವು ವರ್ಷಗಳ ನಂತರ ರೋಗಿಗಳಿಂದ ದೊರೆತ ಮಾದರಿಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಜಾತಿಯೆಂದು ತಿಳಿಯಿತು. ಹೀಗೆ ಕೊಟ್ಟಿಗೆಯ ಸಗಣಿ ಎಷ್ಟು ಮುಖ್ಯವೋ, ಕೂಸಿನ ಮಲವೂ ಅಷ್ಟೇ ಮುಖ್ಯ. “ಕೂಸಿನ ಮಲ ಏನು ಮಾಡೀತು” ಎಂದು ಅಂಗಳದ ಮೂಲೆಗೆ ಎಸೆಯುವ ಅಭ್ಯಾಸವನ್ನು ನಾವು ಬಿಡಬೇಕು. ಅದನ್ನು ಶೌಚಾಲಯಕ್ಕೇ ಹಾಕಬೇಕು.

ಬ್ಲೀಚಿಂಗ್ ಪುಡಿಯ ಶಕ್ತಿ ಮತ್ತು ಮಿತಿ

ಈಗ ನನ್ನ ಹಳೆಯ ತಪ್ಪಿನ ವಿಷಯಕ್ಕೆ ಬರುತ್ತೇನೆ. ಕುಡಿಯುವ ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸಿ ಒಂದು ಗಂಟೆ ಬಿಟ್ಟ ಮೇಲೆ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ನಿಯಮ. ಇಷ್ಟರಿಂದ ಕಾಲರಾ, ವಿಷಮಶೀತಜ್ವರ ಮೊದಲಾದವುಗಳ ರೋಗಾಣುಗಳು ಸಾಯುತ್ತವೆ. ಆದುದರಿಂದ ಟಾಕಿಗೆ, ಬಾವಿಗೆ ಪುಡಿ ಹಾಕುವುದನ್ನು ಯಾರೂ ನಿಲ್ಲಿಸಕೂಡದು. ಆದರೆ ಕ್ರಿಪ್ಟೋಸ್ಪೊರಿಡಿಯಂ ಬೀಜಕೋಶದ ಕವಚವನ್ನು ಕ್ಲೋರಿನ್ ಸುಲಭವಾಗಿ ಭೇದಿಸಲಾರದು. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ ನೀರಿನಲ್ಲಿಯೂ ಅದು ಹತ್ತು ದಿನಗಳಿಗಿಂತ ಹೆಚ್ಚು ಕಾಲ ಬದುಕಬಲ್ಲದು.

ಹಾಗಾದರೆ ಗತಿಯೇನು? ನಮ್ಮ ಅಡುಗೆಮನೆಯ ಒಲೆಯೇ ಗತಿ. ನೀರು ತಳದಿಂದ ಮೇಲಕ್ಕೆ ಮಗುಚಿ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಕುದಿಸಿದರೆ ಈ ರೋಗಾಣು ಉಳಿಯುವುದಿಲ್ಲ. ಹಾಲಿಗೂ ಇದೇ ಮಾತು. ಎಮ್ಮೆ ಕರೆದೊಡನೆ ನೊರೆಹಾಲನ್ನು ಮಕ್ಕಳಿಗೆ ಕುಡಿಸುವುದು ಪುಷ್ಟಿಕರವೆಂಬ ನಂಬಿಕೆ ನಮ್ಮಲ್ಲಿದೆ. ಕೆಚ್ಚಲಿಗೆ ತಗುಲಿದ ಸಗಣಿಯ ಅಂಶವು ಆ ಹಾಲಿನಲ್ಲಿ ಸೇರಿರಬಹುದು. ಕಾಯಿಸಿ ಉಕ್ಕಿಸಿದ ಹಾಲಿನಲ್ಲಿ ಪುಷ್ಟಿಯೂ ಉಂಟು, ಕ್ಷೇಮವೂ ಉಂಟು.

ಅನೇಕ ಹಳ್ಳಿಗಳಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಸರಿಯಾಗಿ ನಿರ್ವಹಿಸಿದ ಘಟಕದ ಸೂಕ್ಷ್ಮ ಪೊರೆಯು ಈ ಬೀಜಕೋಶವನ್ನು ತಡೆಯಬಲ್ಲದು. ಆದರೆ ಅಲ್ಲಿಂದ ತಂದ ನೀರನ್ನು ತೊಳೆಯದ ಕ್ಯಾನಿನಲ್ಲಿಟ್ಟು, ಸಗಣಿ ಮುಟ್ಟಿದ ಕೈಯನ್ನು ಅದರಲ್ಲಿ ಅದ್ದಿ ಚರಿಗೆ ತುಂಬಿದರೆ ಘಟಕವು ಮಾಡಿದ ಕೆಲಸವೆಲ್ಲ ವ್ಯರ್ಥ. ವೆಲ್ಲೂರಿನಲ್ಲಿ ಕೂಸುಗಳಿರುವ ಮನೆಗಳಿಗೆ ಬಾಟಲಿಯ ಶುದ್ಧ ನೀರನ್ನೇ ಒದಗಿಸಿ ನೋಡಿದಾಗಲೂ ಈ ರೋಗವು ಕಡಿಮೆಯಾಗಲಿಲ್ಲವೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಇದರಿಂದ ತಿಳಿಯುವುದೇನು? ನೀರೊಂದನ್ನೇ ಶುದ್ಧಗೊಳಿಸಿದರೆ ಸಾಲದು. ಕೈ ಶುದ್ಧವಾಗಬೇಕು, ನೆಲ ಶುದ್ಧವಾಗಬೇಕು.

ಕೈಯ ವಿಷಯದಲ್ಲಿ ಇನ್ನೊಂದು ಮಾತು. ಕೋವಿಡ್ ಕಾಲದಿಂದ ನಮಗೆ ಕೈಗೆ ಸ್ಯಾನಿಟೈಸರ್ ಹಚ್ಚುವ ರೂಢಿಯಾಗಿದೆ. ಈ ರೋಗಾಣುವಿಗೆ ಅದು ನಾಟುವುದಿಲ್ಲ. ಸಾಬೂನು ಹಚ್ಚಿ ತಿಕ್ಕಿ, ಹರಿಯುವ ನೀರಿನಲ್ಲಿ ತೊಳೆದು ಹೋಗಲಾಡಿಸುವುದೊಂದೇ ದಾರಿ.

ನೆರೆ ಬಂದಾಗ

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣದೊಳಕ್ಕೂ ನದಿಯಂಚಿನ ಹಳ್ಳಿಗಳೊಳಕ್ಕೂ ನುಗ್ಗಿದುದನ್ನು ಯಾರೂ ಮರೆತಿಲ್ಲ. 2024ರ ಜುಲೈನಲ್ಲಿಯೂ ನೆರೆ ಬಂದಿತು. ಇಂತಹ ಸಮಯದಲ್ಲಿ ತಿಪ್ಪೆ, ಕೊಟ್ಟಿಗೆ, ಶೌಚಾಲಯ, ಬಾವಿ ಎಲ್ಲವೂ ಒಂದೇ ನೀರಿನಡಿ ಸೇರುತ್ತವೆ. ಜನರೂ ದನಗಳೂ ಒಂದೇ ಎತ್ತರದ ಜಾಗದಲ್ಲಿ ದಿನ ಕಳೆಯಬೇಕಾಗುತ್ತದೆ. ಕರುವನ್ನು ಕೈಬಿಡಿರೆಂದು ಆಗ ಹೇಳುವುದು ನಿರ್ದಯವಾದೀತು. ಆದರೆ ಗಂಜಿಕೇಂದ್ರದಲ್ಲಾಗಲಿ, ಬಂಧುಗಳ ಮನೆಯಲ್ಲಾಗಲಿ ದನಗಳನ್ನು ಕಟ್ಟುವ ಜಾಗವು ಅಡುಗೆಯ ಜಾಗಕ್ಕಿಂತ ತಗ್ಗಿನಲ್ಲಿರುವಂತೆ ನೋಡಿಕೊಳ್ಳಬಹುದು. ಕೂಸುಗಳಿಗೆ ಕೊಡುವ ನೀರನ್ನಾದರೂ ಕುದಿಸಬಹುದು. ಸೌದೆ ಅಥವಾ ಗ್ಯಾಸು ಸ್ವಲ್ಪವೇ ಇದ್ದರೆ ಮೊದಲ ಪಾಲು ಕೂಸಿನ ನೀರಿಗೆ ಮೀಸಲಾಗಿರಲಿ. ನೆರೆ ಇಳಿದ ಮೇಲೆ ಬಾವಿಯನ್ನು ಬರಿದುಮಾಡಿ ಪುಡಿ ಹಾಕಿದ ನಂತರವೂ ಕೆಲವು ವಾರಗಳ ಕಾಲ ನೀರನ್ನು ಕುದಿಸಿಯೇ ಕುಡಿಯತಕ್ಕದ್ದು.

ರೋಗದ ಲಕ್ಷಣಗಳು ಮತ್ತು ಉಪಚಾರ

ರೋಗಾಣು ಹೊಟ್ಟೆ ಸೇರಿದ ಸುಮಾರು ಒಂದು ವಾರದಲ್ಲಿ ನೀರಿನಂತಹ ಭೇದಿ ತೊಡಗುತ್ತದೆ. ಹೊಟ್ಟೆ ನುಲಿತ, ವಾಕರಿಕೆ, ಸ್ವಲ್ಪ ಜ್ವರ, ಹಸಿವಿಲ್ಲದಿರುವಿಕೆ ಕಂಡುಬರಬಹುದು. ಆರೋಗ್ಯವಂತರಲ್ಲಿ ಒಂದೆರಡು ವಾರಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ನಡುವೆ ಗುಣವಾದಂತೆ ತೋರಿ ಮತ್ತೆ ಮರುಕಳಿಸುವುದುಂಟು. ಭೇದಿ ನಿಂತ ನಂತರವೂ ಕೆಲವು ವಾರ ಮಲದಲ್ಲಿ ಬೀಜಕೋಶಗಳು ಹೋಗುತ್ತಿರಬಹುದು. ಎರಡು ವರ್ಷದೊಳಗಿನ ಸೊರಗಿದ ಕೂಸುಗಳಿಗೆ ಇದು ಅಪಾಯಕಾರಿ. ಭೇದಿಯಿಂದ ಕೂಸು ಸೊರಗುತ್ತದೆ, ಸೊರಗಿದ ಕೂಸಿಗೆ ಮತ್ತೆ ಭೇದಿ ಅಂಟುತ್ತದೆ. ಗಾಣದೆತ್ತಿನ ಸುತ್ತಿನಂತೆ ಇದು ಮುಗಿಯುವುದೇ ಇಲ್ಲ.

ಎಚ್.ಐ.ವಿ. ಸೋಂಕಿನಿಂದ ದೇಹದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಈ ಭೇದಿ ತಿಂಗಳುಗಟ್ಟಲೆ ನಡೆಯಬಹುದು. ಅಂತಹವರು ಸಂಕೋಚಪಡದೆ ಎ.ಆರ್.ಟಿ. ಕೇಂದ್ರದ ಔಷಧವನ್ನು ತಪ್ಪದೆ ಸೇವಿಸಬೇಕು. ನಿರೋಧಕ ಶಕ್ತಿ ಮರಳಿದರೆ ಭೇದಿಯೂ ಹಿಮ್ಮೆಟ್ಟುತ್ತದೆ.

ಉಪಚಾರದಲ್ಲಿ ಮೊದಲನೆಯದು ಜೀವಜಲ, ಅಂದರೆ ಓ.ಆರ್.ಎಸ್. ಪೊಟ್ಟಣ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬಿಡಾರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲಾನಬಿಸ್ ಅವರು ಉಪ್ಪು ಸಕ್ಕರೆಗಳ ದ್ರಾವಣವನ್ನು ಬಾಯಿಯ ಮೂಲಕ ಕುಡಿಸಿ ಅಸಂಖ್ಯ ಜನರನ್ನು ಉಳಿಸಿದರು. ಅದೇ ದ್ರಾವಣದ ಸುಧಾರಿತ ರೂಪ ಇಂದು ನಿಮ್ಮ ಆಶಾ ಕಾರ್ಯಕರ್ತೆಯ ಚೀಲದಲ್ಲಿದೆ. ಒಂದು ಪೂರ್ತಿ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಹಾಕಿ ಕಲಕಬೇಕು. ಅರ್ಧ ಪೊಟ್ಟಣ, ಅಂದಾಜಿನ ನೀರು ಸಲ್ಲದು. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಸಲ ಭೇದಿಯಾದ ಮೇಲೆ 50 ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100 ರಿಂದ 200 ಮಿಲಿಲೀಟರ್, ಚಮಚದಿಂದ ನಿಧಾನವಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಪುನಃ ಆರಂಭಿಸಬೇಕು. 24 ಗಂಟೆಗಳ ನಂತರ ಉಳಿದುದನ್ನು ಚೆಲ್ಲಿ ಹೊಸದನ್ನು ತಯಾರಿಸಬೇಕು.

ಎರಡನೆಯದು ಸತುವಿನ ಮಾತ್ರೆ, ಅಂದರೆ ಜಿಂಕ್. ಎರಡರಿಂದ ಆರು ತಿಂಗಳ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳು ತುಂಬಿದ ಮಕ್ಕಳಿಗೆ 20 ಮಿಲಿಗ್ರಾಂ. ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು.

ಮೂರನೆಯದು ಆಹಾರ. ಭೇದಿಯಾದಾಗ ಕೂಸನ್ನು ಉಪವಾಸ ಕೆಡಹುವುದು ದೊಡ್ಡ ತಪ್ಪು. ತಾಯಿಯ ಹಾಲನ್ನು ನಿಲ್ಲಿಸಲೇಬಾರದು. ಆರು ತಿಂಗಳು ತುಂಬಿದ ಕೂಸಿಗೆ ಮೆತ್ತಗಿನ ಅನ್ನ, ಬೇಳೆಯ ಕಟ್ಟು, ಗಂಜಿಯನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಬೇಕು.

ಅಂಗಡಿಯಿಂದ ತಾವಾಗಿಯೇ ಭೇದಿ ಕಟ್ಟುವ ಗುಳಿಗೆ ತಂದು ಕೂಸಿಗೆ ಕೊಡಬೇಡಿರಿ. ಸಾಮಾನ್ಯವಾಗಿ ಭೇದಿಗೆಂದು ನುಂಗುವ ಮೆಟ್ರೊನಿಡಜೋಲ್ ಮುಂತಾದ ಔಷಧಗಳು ಈ ರೋಗಾಣುವನ್ನು ಕೊಲ್ಲುವುದಿಲ್ಲ. ನಿಟಜಾಕ್ಸನೈಡ್ ಎಂಬ ಔಷಧವೊಂದಿದೆ. ಅಮೆರಿಕದಲ್ಲಿ 2002ರಲ್ಲಿ ಅದಕ್ಕೆ ಮಕ್ಕಳ ಚಿಕಿತ್ಸೆಗಾಗಿ ಮಾನ್ಯತೆ ದೊರೆಯಿತು. ಅದನ್ನು ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಕಣ್ಣು ಗುಳಿಬಿದ್ದರೆ, ಕೂಸು ಕುಡಿಯಲಾರದೆ ಜೋಲು ಬಿದ್ದರೆ, ಆರು ಗಂಟೆಗಳಾದರೂ ಮೂತ್ರ ಮಾಡದಿದ್ದರೆ, ಮಲದಲ್ಲಿ ರಕ್ತ ಕಂಡರೆ, ದೃಷ್ಟಿ ತೆಗೆಯುತ್ತ ಕುಳಿತುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಕರೆತನ್ನಿರಿ. ದಾರಿಯುದ್ದಕ್ಕೂ ಜೀವಜಲ ಕುಡಿಸುತ್ತಲೇ ಬನ್ನಿರಿ. ಭೇದಿ 14 ದಿನ ದಾಟಿದರೆ ಮಲಪರೀಕ್ಷೆ ಅಗತ್ಯ. ಸಾಮಾನ್ಯ ಪರೀಕ್ಷೆಯಲ್ಲಿ ಈ ರೋಗಾಣು ಕಣ್ಣಿಗೆ ಬೀಳುವುದಿಲ್ಲ. ಕ್ಷಯರೋಗಿಯ ಕಫಕ್ಕೆ ಹಾಕುವಂತಹ ಕೆಂಪು ಬಣ್ಣವನ್ನೇ ಸ್ವಲ್ಪ ಬದಲಿಸಿ ಹಾಕಿದಾಗ ಅದು ಗುಲಾಬಿ ಚುಕ್ಕೆಯಂತೆ ತೋರುತ್ತದೆ. ಆದುದರಿಂದ ಮನೆಯಲ್ಲಿ ಕರು ಅಥವಾ ಮರಿಗಳಿಗೆ ಭೇದಿಯಾಗಿದ್ದರೆ ವೈದ್ಯರು ಕೇಳದಿದ್ದರೂ ನೀವೇ ಹೇಳಿರಿ. ಯಾವ ಪರೀಕ್ಷೆ ಮಾಡಿಸಬೇಕೆಂಬುದು ಆ ಒಂದು ಮಾತಿನಿಂದ ವೈದ್ಯರಿಗೆ ಹೊಳೆಯಬಹುದು.

ಕೊಟ್ಟಿಗೆಯಲ್ಲಿ ಮಾಡಬೇಕಾದುದು

1. ಹುಟ್ಟಿದ ಕರುವಿಗೆ ಮೊದಲ ಗಂಟೆಗಳಲ್ಲಿಯೇ ಗಿಣ್ಣದ ಹಾಲು ಹೊಟ್ಟೆತುಂಬ ಸಿಗಬೇಕು. ಗಿಣ್ಣವನ್ನು ನೆರೆಹೊರೆಯವರಿಗೆ ಹಂಚುವುದು ನಮ್ಮ ಸಂಪ್ರದಾಯ. ಹಂಚಿರಿ, ಆದರೆ ಕರು ಕುಡಿದು ಉಳಿದುದನ್ನು ಹಂಚಿರಿ. ತಾಯಿಯಿಂದ ಕರುವಿಗೆ ಬರುವ ರೋಗನಿರೋಧಕ ಶಕ್ತಿಯು ಅದರಲ್ಲಿಯೇ ಇದೆ.

2. ಈ ಭೇದಿ ಕರುವಿಗೆ ಹೆಚ್ಚಾಗಿ ಬರುವುದು ಹುಟ್ಟಿದ ಮೊದಲ ನಾಲ್ಕು ವಾರಗಳಲ್ಲಿ. ಆ ಅವಧಿಯಲ್ಲಿ ಕರುವನ್ನು ಕಟ್ಟುವ ಜಾಗವು ಒಣಗಿರಲಿ, ಬಿಸಿಲು ಬೀಳುವಂತಿರಲಿ. ಒದ್ದೆಯಾದ ಹಾಸು ಹುಲ್ಲನ್ನು ದಿನವೂ ತೆಗೆಯಬೇಕು.

3. ಭೇದಿಯಾದ ಕರುವನ್ನು ಇತರ ಕರುಗಳಿಂದ ಬೇರ್ಪಡಿಸಿ, ಪಶುವೈದ್ಯರಿಗೆ ತೋರಿಸಬೇಕು. ಅದಕ್ಕೂ ಜೀವಜಲದ ಅಗತ್ಯವುಂಟು. ಸಂತೆಯಿಂದ ತಂದ ಹೊಸ ಕರುವನ್ನು ಕೆಲವು ದಿನ ಬೇರೆಯಾಗಿಯೇ ಕಟ್ಟಿ ನೋಡಿರಿ.

4. ಮಳೆಗಾಲದಲ್ಲಿ ಕರುವನ್ನು ಒಳಗೆ ಕಟ್ಟುವುದು ಅನಿವಾರ್ಯವಾದರೆ, ಕೂಸು ಅಂಬೆಗಾಲಿಡುವ ನೆಲಕ್ಕೂ ಅದಕ್ಕೂ ನಡುವೆ ಒಂದು ತಡೆ ಇರಲಿ. ಒಂದು ಹಲಗೆಯಾದರೂ ಸಾಕು.

5. ತಿಪ್ಪೆಯು ಬಾವಿ, ಕೊಳವೆಬಾವಿಗಳಿಂದ ದೂರದಲ್ಲಿ, ತಗ್ಗಿನ ಕಡೆಗೆ ಇರಬೇಕು. ಹಸಿ ಸಗಣಿಯನ್ನು ಸೊಪ್ಪು ತರಕಾರಿಯ ಮಡಿಗೆ ಹಾಕದೆ, ಚೆನ್ನಾಗಿ ಕೊಳೆತು ಕಾವೇರಿ ಗೊಬ್ಬರವಾದ ಮೇಲೆ ಬಳಸಬೇಕು. ಹಸಿಯಾಗಿ ತಿನ್ನುವ ಮೆಂತ್ಯ, ಕೊತ್ತಂಬರಿ, ಸವತೆ, ಮೂಲಂಗಿಗಳನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು.

6. ಭೇದಿಯಾದ ಕರುವಿನ ಸಗಣಿಯಿಂದ ಕುಳ್ಳು ತಟ್ಟಬಾರದು, ನೆಲ ಸಾರಿಸಬಾರದು.

ಮನೆಯ ಗಂಡಸರಿಗೆ ಒಂದು ಮಾತು

ನಮ್ಮ ಮನೆಗಳಲ್ಲಿ ಕೊಟ್ಟಿಗೆ ಬಳಿಯುವವಳೂ, ಹಾಲು ಕರೆಯುವವಳೂ, ಕುಳ್ಳು ತಟ್ಟುವವಳೂ, ರೊಟ್ಟಿ ಬಡಿಯುವವಳೂ, ಕೂಸಿಗೆ ಉಣಿಸುವವಳೂ ಒಬ್ಬಳೇ. ಕೈ ತೊಳೆದುಕೊಳ್ಳಲಿಲ್ಲವೆಂದು ಅವಳನ್ನು ದೂರುವುದು ಸುಲಭ. ಆದರೆ ಅವಳು ಸಗಣಿಯ ಕೈಯಲ್ಲಿರುವಾಗಲೇ ಕೂಸು ಅಳುತ್ತದೆ, ಒಲೆಯ ಮೇಲೆ ಹಾಲು ಉಕ್ಕುತ್ತದೆ, ಹೊಲಕ್ಕೆ ಬುತ್ತಿ ಹೋಗಬೇಕಾಗಿರುತ್ತದೆ. ಮನೆಯಲ್ಲಿ ಎರಡು ವರ್ಷದೊಳಗಿನ ಕೂಸಿರುವಾಗ ಕರುವಿನ ಆರೈಕೆಯನ್ನು ಗಂಡಸರು ವಹಿಸಿಕೊಳ್ಳಿರಿ. ಕೊಟ್ಟಿಗೆಯ ಬಾಗಿಲಲ್ಲಿ ಒಂದು ನೀರಿನ ಕೊಡ, ಒಂದು ಚರಿಗೆ, ಒಂದು ಸಾಬೂನನ್ನು ಇಡಿರಿ. ಕೊಟ್ಟಿಗೆಯಿಂದ ಬರುವವರು ಯಾರೇ ಆಗಲಿ, ಅಲ್ಲಿ ಕೈಕಾಲು ತೊಳೆಯದೆ ಒಳಗೆ ಕಾಲಿಡಬಾರದೆಂಬ ನಿಯಮ ಮನೆಯಲ್ಲಿರಲಿ. ದೇವರಮನೆಗೆ ನಾವು ಪಾಲಿಸುವ ಮಡಿಯನ್ನು ತೊಟ್ಟಿಲಿಗೂ ಪಾಲಿಸೋಣ.

ಆರು ತಿಂಗಳವರೆಗೆ ತಾಯಿಯ ಹಾಲನ್ನಲ್ಲದೆ ಬೇರೇನನ್ನೂ, ನೀರನ್ನು ಸಹ, ಕೂಸಿಗೆ ಕೊಡದಿರುವುದು ಈ ರೋಗದ ವಿರುದ್ಧ ಇರುವ ದೊಡ್ಡ ರಕ್ಷೆ. ಒಂದು ಕೂಸಿಗೂ ಇನ್ನೊಂದಕ್ಕೂ ಮೂರು ವರ್ಷವಾದರೂ ಅಂತರವಿದ್ದರೆ ಮಾತ್ರ ತಾಯಿಗೆ ಆ ಹಾಲು, ಆ ಸಮಯ, ಆ ಶಕ್ತಿ ಉಳಿದೀತು. ಹುಟ್ಟಿದ ಮಗು ಬದುಕಿ ಬಾಳುತ್ತದೆಂಬ ನಂಬಿಕೆಯಿದ್ದಲ್ಲಿ ಕುಟುಂಬವು ತಾನಾಗಿಯೇ ಮಿತವಾಗುತ್ತದೆ. ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯ ಲೆಕ್ಕವಷ್ಟೇ ಅಲ್ಲ, ಇರುವ ಮಕ್ಕಳ ತೂಕದ ಲೆಕ್ಕವೂ ಹೌದು.

ಆ ಅಜ್ಜಿ ಹೇಳಿದ ಮಾತನ್ನು ನಾನು ಮರೆತಿಲ್ಲ. ಅಂದಿನಿಂದ ಭೇದಿಯಾದ ಕೂಸನ್ನು ಯಾರು ಕರೆತಂದರೂ, ನೀರಿನ ಬಗ್ಗೆ ಕೇಳಿದ ಮೇಲೆ, “ಮನೆಯಲ್ಲಿ ಕರು ಹೇಗಿದೆ?” ಎಂದು ಕೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಆಶ್ಚರ್ಯಪಡುತ್ತಾರೆ. ನೀವು ನಗಬಹುದು, ಆದರೆ ಉತ್ತರವನ್ನು ಮಾತ್ರ ಮರೆಮಾಚಬೇಡಿರಿ. ನಾವು ಕೇಳುವುದನ್ನು ಕಲಿಯುತ್ತೇವೆ. ನೀವು ಹೇಳುವುದನ್ನು ರೂಢಿಮಾಡಿಕೊಳ್ಳಿರಿ.

ನಿಮ್ಮ ಹಟ್ಟಿ ತುಂಬಿರಲಿ, ತೊಟ್ಟಿಲು ನಗುತ್ತಿರಲಿ.